ನನ್ನ ಹೆಬ್ಬೆಟ್ಟು ನಂಗೇ ಆಗಲ್ಲ, ಕಳ್ಳನಿಗೆ ಹ್ಯಾಂಗೆ ಆತು?

ಹೋದ ಸುಗ್ಗಿಯಲ್ಲಿ ನಮ್ಮ ಅಂಗಡಿಗೆ ಒಬ್ಬರು ಅಮ್ಮ ಬಂದರು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಅವರ ಮನೆ. ವಯಸ್ಸು ಎಪ್ಪತ್ತರ ಹತ್ತಿರ. ಕೈಚೀಲದಿಂದ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ತಮ್ಮಾ, ಇದೊಂಚೂರು ನೋಡು. ಬ್ಯಾಂಕಲ್ಲಿ ಕೇಳಿದ್ರೆ ನೀವೇ ಹೆಬ್ಬೆಟ್ಟು ಒತ್ತಿ ದುಡ್ಡು ತಗಂಡಿದೀರಿ ಅಂತಾರೆ" ಅಂದರು.

ಪಾಸ್‌ಬುಕ್ಕಿನಲ್ಲಿ ಒಂದೇ ದಿನದ ಎರಡು ಸಾಲುಗಳಿದ್ದವು. ಮೊದಲು 10,000 ರೂಪಾಯಿ, ಆಮೇಲೆ 6,500. ಎರಡರ ಪಕ್ಕದಲ್ಲೂ ಎಇಪಿಎಸ್ ಎಂಬ ನಾಲ್ಕಕ್ಷರ. ಆ ದಿನ ಅವರು ಮನೆ ಬಿಟ್ಟು ಹೊರಗೇ ಹೋಗಿರಲಿಲ್ಲ. ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು.

ಆಮೇಲೆ ಅವರು ತಮ್ಮ ಕೈ ತೋರಿಸಿದರು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಐವತ್ತು ವರ್ಷ ಕೂತ ಕೈ. ಬೆರಳ ತುದಿ ಚೊಗರು ಹಿಡಿದು ಕಪ್ಪಾಗಿತ್ತು. ಹೆಬ್ಬೆರಳಿನ ಗೆರೆಗಳು ಸವೆದು, ನಡುವೆ ಸಣ್ಣ ಸಣ್ಣ ಸೀಳುಗಳಿದ್ದವು. "ರೇಷನ್ ಅಂಗಡಿ ಮಿಷನ್ನಿಗೆ ಈ ಹೆಬ್ಬೆಟ್ಟು ತಾಗೂದೇ ಇಲ್ಲ. ಸೊಸೆ ಹೋಗಿ ಒತ್ತಿ ತರ್ತಾಳೆ. ನನ್ನ ಹೆಬ್ಬೆಟ್ಟು ನಂಗೇ ಆಗಲ್ಲ, ಕಳ್ಳನಿಗೆ ಹ್ಯಾಂಗೆ ಆತು?"

ಕಂಪ್ಯೂಟರ್, ನೆಟ್‌ವರ್ಕ್, ಕ್ಯಾಮೆರಾ ರಿಪೇರಿ ನನ್ನ ಕೆಲಸ. ಸೆಕ್ಯುರಿಟಿ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು ಮೊದಲಿನಿಂದಲೂ ಇರುವ ಆಸಕ್ತಿ. ಆದರೆ ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಆವತ್ತು ಅವರಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎಇಪಿಎಸ್ ಎಂದರೆ ಆಧಾರ್ ಆಧಾರಿತ ಪಾವತಿ. ದುಡ್ಡು ತೆಗೆಯಲು ಮೂರೇ ಸಂಗತಿ ಸಾಕು: 12 ಅಂಕಿಯ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ ಹೆಚ್ಚೆಂದರೆ 10,000 ರೂಪಾಯಿ ತೆಗೆಯಬಹುದು. ಇದರಿಂದ ನಮ್ಮ ಕಡೆ ನಿಜವಾಗಿ ಉಪಕಾರವಾಗಿದೆ, ಅದನ್ನು ಮರೆಯಬಾರದು. ಗೃಹಲಕ್ಷ್ಮಿಯ 2,000 ರೂಪಾಯಿ ತೆಗೆಯಲು ಬಸ್ಸು ಹಿಡಿದು ಪೇಟೆಗೆ ಬಂದು ಅರ್ಧ ದಿನ ಕಳೆಯಬೇಕಿಲ್ಲ. ಊರಿನ ಅಂಗಡಿಯಲ್ಲೋ, ಮನೆ ಬಾಗಿಲಿಗೆ ಬರುವ ಪೋಸ್ಟ್‌ಮ್ಯಾನ್ ಹತ್ತಿರವೋ ತೆಗೆಯಬಹುದು. ಕಾರ್ಡು ಕಳೆಯುತ್ತದೆ, ಪಿನ್ ಮರೆತುಹೋಗುತ್ತದೆ, ಬೆರಳು ಎಲ್ಲಿಗೂ ಹೋಗುವುದಿಲ್ಲ ಎಂಬುದು ಇದರ ಹಿಂದಿನ ಲೆಕ್ಕ.

ಬೆರಳು ಹೋಗುವುದಿಲ್ಲ, ನಿಜ. ಅದರ ಅಚ್ಚು ಮಾತ್ರ ಹೋದಲ್ಲೆಲ್ಲ ಉಳಿಯುತ್ತದೆ. ನೀರು ಕುಡಿದ ಲೋಟದ ಮೇಲೆ, ಬಾಗಿಲ ಹಿಡಿಯ ಮೇಲೆ, ಫೋನಿನ ಗಾಜಿನ ಮೇಲೆ. ನಮ್ಮ ಹಿರಿಯರದಂತೂ ಪಾಲುಪತ್ರ, ಕ್ರಯಪತ್ರ, ಸಾಲದ ಕಾಗದಗಳ ಮೇಲೆ ಶಾಯಿಯಲ್ಲೇ ಇದೆ.

ಆ ಅಮ್ಮನ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಯಂತ್ರ ನಮ್ಮ ಬೆರಳನ್ನು ನಾವು ನೋಡುವ ಹಾಗೆ ನೋಡುವುದಿಲ್ಲ. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬ ಗುರುತುಗಳನ್ನು ಹುಡುಕುತ್ತದೆ. ಮೊದಲು ಕೊಟ್ಟ ಅಚ್ಚಿನ ಜೊತೆ ಅವು ಸಾಕಷ್ಟು ಹೊಂದಿದರೆ ಸರಿ ಎನ್ನುತ್ತದೆ. 'ಸಾಕಷ್ಟು' ಎಂಬ ಮಾತನ್ನು ಗಮನಿಸಿ. ನೂರಕ್ಕೆ ನೂರು ಯಾರದೂ ಹೊಂದುವುದಿಲ್ಲ. ಗೆರೆ ಸವೆದ ಕೈಯಲ್ಲಿ ಗುರುತುಗಳೇ ಸಿಗದಿದ್ದರೆ ಯಂತ್ರ ಅಲ್ಲ ಎನ್ನುತ್ತದೆ. ನಮ್ಮಲ್ಲಿ ಸುಗ್ಗಿಯಲ್ಲಿ ಅಡಿಕೆ ಸುಲಿತ, ಮಳೆಗಾಲದಲ್ಲಿ ನಟ್ಟಿ. ನೀರಿನಲ್ಲಿ ನೆನೆದು ಸುಕ್ಕಾದ ಬೆರಳೂ ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ. ಕೆಲಸ ನಿಂತರೆ ಚರ್ಮ ಬೆಳೆದು ಗೆರೆ ವಾಪಸ್ ಬರುತ್ತದೆ. ಆದರೆ ಮಲೆನಾಡಿನಲ್ಲಿ ಕೈಗೆ ಬಿಡುವು ಎಲ್ಲಿ?

ಕಳ್ಳನ ಹತ್ತಿರ ಇರುವುದು ಇವತ್ತಿನ ಬೆರಳಲ್ಲ. ಹತ್ತು ಹದಿನೈದು ವರ್ಷದ ಹಿಂದೆ, ಚರ್ಮ ಇನ್ನೂ ಚೆನ್ನಾಗಿದ್ದಾಗ, ಶಾಯಿ ಹಚ್ಚಿ ಬಿಳಿ ಕಾಗದದ ಮೇಲೆ ನಿಧಾನವಾಗಿ ಒತ್ತಿಸಿಕೊಂಡ ಅಚ್ಚಿನ ನಕಲು. ಅದರಲ್ಲಿ ಪ್ರತಿ ಗೆರೆಯೂ ಸ್ಪಷ್ಟ. ನಿಜವಾದ ಬೆರಳಿಗಿಂತ, ಆ ಅಚ್ಚು ನೋಡಿ ಮಾಡಿದ ನಕಲಿ ಬೆರಳೇ ಯಂತ್ರಕ್ಕೆ ಚೆನ್ನಾಗಿ ಕಾಣುವುದು ಹೀಗೆ. ಈ ಅಮ್ಮ ಗಂಡ ತೀರಿಕೊಂಡ ಮೇಲೆ ಜಮೀನು ಪಾಲಾದಾಗ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಆ ಪತ್ರದ ಜೆರಾಕ್ಸ್ ಆಧಾರ್ ಕಾರ್ಡಿನ ಜೆರಾಕ್ಸ್ ಜೊತೆ ಎಷ್ಟು ಕಡೆ ಹೋಗಿದೆ ಎಂದು ಲೆಕ್ಕ ಹಾಕಿದೆವು. ಏಳರ ನಂತರ ಅವರಿಗೆ ನೆನಪಾಗಲಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ ಇಂಥ ದೂರುಗಳು ಬಂದಾಗಲೂ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಕಡೆಗೇ ಅನುಮಾನ ಹೋಗಿತ್ತು.

ನಕಲಿ ಬೆರಳು ಹೊಸ ಸುದ್ದಿಯೇನಲ್ಲ. 2002ರಲ್ಲೇ ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ತ್ಸುತೊಮು ಮಾತ್ಸುಮೊತೊ ಮತ್ತು ಸಂಗಡಿಗರು ಜೆಲಟಿನ್‌ನಲ್ಲಿ ಬೆರಳಿನ ಅಚ್ಚು ಮಾಡಿ 11 ಬಗೆಯ ಯಂತ್ರಗಳನ್ನು ಪರೀಕ್ಷಿಸಿದರು. ಹನ್ನೊಂದೂ ಮೋಸ ಹೋದವು. ಅಡುಗೆಮನೆಯಲ್ಲಿ ಜೆಲ್ಲಿ ಮಾಡಲು ಬಳಸುವ ವಸ್ತು ಅದು. 2008ರಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ಹ್ಯಾಕರ್‌ಗಳ ಗುಂಪಿನವರು ಒಂದು ಲೋಟದ ಮೇಲೆ ಸಿಕ್ಕ, ಆಗಿನ ಗೃಹ ಸಚಿವರ ಬೆರಳಚ್ಚನ್ನು ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟರು. 2014ರಲ್ಲಿ ಅದೇ ಗುಂಪಿನವರೊಬ್ಬರು ರಕ್ಷಣಾ ಸಚಿವೆಯ ಬೆರಳಚ್ಚನ್ನು ಬರೀ ಫೋಟೋಗಳಿಂದಲೇ ತಯಾರಿಸಿ ತೋರಿಸಿದರು. 2015ರಲ್ಲಿ ಅಮೆರಿಕದ ಸರ್ಕಾರಿ ನೌಕರರ ದಾಖಲೆ ಕಳುವಾದಾಗ 56 ಲಕ್ಷ ಜನರ ಬೆರಳಚ್ಚೂ ಹೋಯಿತು. ಪಾಸ್‌ವರ್ಡ್ ಹೋಗಿದ್ದರೆ ಸಂಜೆಯೊಳಗೆ ಬದಲಾಯಿಸಬಹುದಿತ್ತು. ಬೆರಳನ್ನು ಏನು ಮಾಡುವುದು?

ಹೆಬ್ಬೆಟ್ಟು ನಮ್ಮ ಹೆಸರಿನ ಹಾಗೆ. ಅದು ಬೀಗದ ಕೈ ಅಲ್ಲ. ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಗೊತ್ತಿರಬೇಕು. ಬೀಗದ ಕೈ ನಮ್ಮ ಹತ್ತಿರ ಮಾತ್ರ ಇರಬೇಕು, ಕಳೆದರೆ ಬೀಗ ಬದಲಾಯಿಸಲು ಬರಬೇಕು. ಈ ಎರಡನ್ನು ಒಂದೇ ಮಾಡಿದ್ದೇ ತಪ್ಪು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇದರ ಹಳೆಯ ಕತೆಯೂ ಹೀಗೇ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆಗೆ ಜಲ್ಲಿ ಒದಗಿಸುವ ಕರಾರಿನ ಮೇಲೆ ರಾಜ್ಯಧರ್ ಕೋನಾಯಿ ಎಂಬವರ ಅಂಗೈ ಅಚ್ಚು ತೆಗೆದುಕೊಂಡರು. ನಾಳೆ 'ನಾನು ಒಪ್ಪಿಲ್ಲ' ಎನ್ನಬಾರದು, ಅಷ್ಟೇ ಉದ್ದೇಶ. ಎದುರಿಗೆ ಮನುಷ್ಯ ಇದ್ದ, ನೋಡುವ ಕಣ್ಣಿತ್ತು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಹೆಬ್ಬೆಟ್ಟೂ ಹಾಗೆಯೇ. ಸಾಕ್ಷಿಗಳ ಮುಂದೆ ಒತ್ತುತ್ತೇವೆ. ಯಾರೂ ನೋಡದ ಕೋಣೆಯಲ್ಲಿ ಯಂತ್ರದ ಮುಂದೆ ಖಾತೆ ತೆರೆಯುವ ಬೀಗದ ಕೈಯಾಗಿ ಅದು ಬದಲಾಗಿದ್ದು ಮೊನ್ನೆ ಮೊನ್ನೆ.

ಈ ಗೆರೆಗಳು ಹುಟ್ಟುವ ಬಗೆ ಎಷ್ಟು ಚೆಂದ ಎಂದು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಅಲನ್ ಟ್ಯೂರಿಂಗ್ 1952ರಲ್ಲಿ ಒಂದು ಮಾತು ಹೇಳಿದ್ದರು. ಎರಡು ರಾಸಾಯನಿಕಗಳು ಒಂದನ್ನೊಂದು ಎಬ್ಬಿಸುತ್ತ, ತಡೆಯುತ್ತ ಹರಡಿದರೆ ಪಟ್ಟೆಗಳು ತಾವಾಗಿಯೇ ಮೂಡುತ್ತವೆ ಎಂದು. ತಾಯಿಯ ಹೊಟ್ಟೆಯಲ್ಲಿ ನಮ್ಮ ಬೆರಳ ಗೆರೆ ಮೂಡುವುದೂ ಇದೇ ರೀತಿ ಎಂದು ಎಡಿನ್‌ಬರೋದ ವಿಜ್ಞಾನಿಗಳ ತಂಡ 2023ರಲ್ಲಿ ತೋರಿಸಿತು. ಹುಟ್ಟುವ ಮೊದಲೇ ಮೂಡಿದ ಗೆರೆ. ಅದನ್ನು ಜೆರಾಕ್ಸ್ ಅಂಗಡಿಯ ಕಸದ ಬುಟ್ಟಿಯಿಂದ ಯಾರೋ ಎತ್ತಿಕೊಂಡು ಹೋಗುತ್ತಾರೆ ಎಂದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮೋಸ ಇದೆ. ನಮ್ಮ ಕಡೆ ಇದೇ ಜಾಸ್ತಿ ಎಂದು ನನ್ನ ಅನುಭವ. ಇದಕ್ಕೆ ನಕಲಿ ಬೆರಳೂ ಬೇಕಿಲ್ಲ. ದುಡ್ಡು ತೆಗೆದುಕೊಡುವವರು "ತಾಗಲಿಲ್ಲ ಅಮ್ಮ, ಇನ್ನೊಮ್ಮೆ ಒತ್ತಿ" ಎನ್ನುತ್ತಾರೆ. ಮೊದಲ ಸಲವೇ ದುಡ್ಡು ಹೋಗಿರುತ್ತದೆ. ಎರಡನೇ ಸಲದ್ದು ಮಾತ್ರ ಕೈಗೆ ಬರುತ್ತದೆ. ಪಟ್ಟಣದವರಿಗೆ ಹೀಗೆ ಹೇಳಿದರೆ ಅನುಮಾನ ಬರಬಹುದು. ಅಡಿಕೆ ಸುಲಿಯುವವರಿಗೆ ಬರುವುದಿಲ್ಲ, ಯಾಕೆಂದರೆ ಅವರ ಹೆಬ್ಬೆಟ್ಟು ನಿಜವಾಗಿಯೂ ನಾಲ್ಕು ಸಲಕ್ಕೆ ಒಮ್ಮೆ ತಾಗುತ್ತದೆ. ಯಂತ್ರದ ಸೋಲೇ ಸುಳ್ಳಿಗೆ ಮರೆಯಾಗುತ್ತದೆ. ಪ್ರಾಮಾಣಿಕವಾಗಿ ಈ ಕೆಲಸ ಮಾಡುವವರೇ ಹೆಚ್ಚು, ಅವರಿಗೂ ಇದರಿಂದ ಕೆಟ್ಟ ಹೆಸರು. ಅದಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ: ತಾಗದಿದ್ದರೂ ಚೀಟಿ ಕೇಳಿ. ಆಗಲಿಲ್ಲ ಎಂಬ ಚೀಟಿ ಕೈಗೆ ಬರುವ ತನಕ ಎರಡನೇ ಸಲ ಬೆರಳಿಡಬೇಡಿ.

ಆಧಾರ್ ಪ್ರಾಧಿಕಾರ ಸುಮ್ಮನೆ ಕೂತಿಲ್ಲ. ಇಟ್ಟಿದ್ದು ಜೀವಂತ ಬೆರಳೋ ಅಚ್ಚೋ ಎಂದು ಪತ್ತೆ ಮಾಡುವ ಹೊಸ ವ್ಯವಸ್ಥೆಯನ್ನು 2023ರ ಫೆಬ್ರವರಿಯಲ್ಲಿ ತಂದಿದೆ. ಒಳ್ಳೆಯದೇ. ಆದರೆ ಪರೀಕ್ಷೆ ಬಿಗಿಯಾದಷ್ಟೂ ಸವೆದ ಬೆರಳಿನವರು ಹೊರಗುಳಿಯುವ ಭಯವೂ ಇದೆ.

ಮನೆಯಲ್ಲಿ ಈಗಲೇ ಮಾಡಬಹುದಾದ ಮುಖ್ಯ ಕೆಲಸ ಬಯೋಮೆಟ್ರಿಕ್ ಲಾಕ್. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲೋ ವೆಬ್‌ಸೈಟಿನಲ್ಲೋ ಮಾಡಬಹುದು. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು, ಅಷ್ಟೇ. ಲಾಕ್ ಆದ ಮೇಲೆ ಬೆರಳು, ಕಣ್ಣು, ಮುಖ ಯಾವುದೂ ನಡೆಯುವುದಿಲ್ಲ. ಬೇಕಾದಾಗ 10 ನಿಮಿಷಕ್ಕೆ ಮಾತ್ರ ತೆರೆಯಬಹುದು. ಆ ಹತ್ತು ನಿಮಿಷ ನಮ್ಮ ಕಡೆ ಕಷ್ಟ, ಒಪ್ಪುತ್ತೇನೆ. ಎಷ್ಟೋ ಮನೆಗಳಲ್ಲಿ ಗುಡ್ಡ ಹತ್ತಿದರೆ ಸಿಗ್ನಲ್. ಹಾಗಾಗಿ ಮನೆಯಲ್ಲಿ ತೆರೆಯಬೇಡಿ, ದುಡ್ಡು ತೆಗೆಯುವ ಅಂಗಡಿಯ ಮುಂದೆ ಸರದಿ ಬಂದ ಮೇಲೆ ತೆರೆಯಿರಿ. ಜೆರಾಕ್ಸ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ, ಅದನ್ನೇ ಕೊಡಿ. ಎಇಪಿಎಸ್ ಬೇಡವೇ ಬೇಡ ಎನ್ನುವವರು ಬ್ಯಾಂಕಿಗೆ ಬರೆದುಕೊಟ್ಟು ನಿಲ್ಲಿಸಲು ಕೇಳಬಹುದು.

ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು, ಸ್ವೀಕೃತಿಯ ಸೀಲು ಸಮೇತ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ಇಲ್ಲಿ ನಮ್ಮ ಕೈಹಿಡಿಯುತ್ತದೆ. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ದುಡ್ಡು ಹೋದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ತುಂಬಬೇಕು. 90 ದಿನದೊಳಗೆ ದೂರು ಮುಗಿಸಬೇಕು. ತಪ್ಪು ಗ್ರಾಹಕರದು ಎಂದು ತೋರಿಸುವ ಹೊಣೆ ಬ್ಯಾಂಕಿನದು. "ನೀವೇ ಒತ್ತಿದೀರಿ" ಎಂದು ಹೇಳಿಬಿಟ್ಟರೆ ಆಗುವುದಿಲ್ಲ. ನಮ್ಮ ಕಡೆಯವರು ಒಂದು ಮಾತು ಗಮನಿಸಬೇಕು: ಲೆಕ್ಕ ಶುರುವಾಗುವುದು ಸಂದೇಶ ಬಂದಾಗಿನಿಂದ. ಸಿಗ್ನಲ್ ಇಲ್ಲದ ಮನೆಯಲ್ಲಿ ಅದು ಎರಡು ದಿನ ತಡವಾಗಿ ಬರಬಹುದು. ಆ ಸಂದೇಶ ಅಳಿಸಬೇಡಿ.

ಇಷ್ಟೆಲ್ಲ ಕೆಲಸ ಎಪ್ಪತ್ತರ ಅಮ್ಮ ಯಾಕೆ ಮಾಡಬೇಕು ಎಂಬುದು ನನ್ನ ನಿಜವಾದ ಸಿಟ್ಟು. ಆಧಾರ್ ಜೋಡಿಸಿದ ಖಾತೆಗೆ ಈ ಸೌಲಭ್ಯ ಕೇಳದೆಯೇ ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, 86ನೇ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಆಧಾರ್ ವಿಷಯಕ್ಕೇ. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಅನ್ನು ಉಳಿಸಿತು. ಆದರೆ ಎಲ್ಲ ಬ್ಯಾಂಕ್ ಖಾತೆಗೂ ಅದನ್ನು ಕಡ್ಡಾಯವಾಗಿ ಜೋಡಿಸಬೇಕೆಂಬ ನಿಯಮವನ್ನು ತೆಗೆದುಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕಿಗೆ ನಮ್ಮೂರಲ್ಲಿ ಏನು ಅರ್ಥ? ನನ್ನ ಮಟ್ಟಿಗೆ ಇಷ್ಟೇ: ಎಇಪಿಎಸ್ ಮುಚ್ಚಿಯೇ ಇರಬೇಕು, ಬೇಕೆಂದು ಕೇಳಿದವರಿಗೆ ತೆರೆಯಬೇಕು. ಈಗಿರುವುದು ಅದರ ಉಲ್ಟಾ.

2023ರಲ್ಲಿ ಬಂದ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಮಾಹಿತಿ ಕಳೆದುಕೊಂಡವರಿಗಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಆ ಅಮ್ಮನ ದೂರನ್ನು ನಾವಿಬ್ಬರೂ ಕೂತು ಬರೆದೆವು. ಸಂದೇಶ ಅವರ ಫೋನಿಗೆ ಬಂದು ಎರಡೇ ದಿನವಾಗಿತ್ತು. ಎರಡನೇ ಸಲ ಬ್ಯಾಂಕಿಗೆ ಹೋಗುವಾಗ ಸುತ್ತೋಲೆಯ ಪ್ರಿಂಟ್ ಕೊಟ್ಟು ಕಳಿಸಿದೆ. ದುಡ್ಡು ಬಂತು, ಸ್ವಲ್ಪ ಅಲೆದಾಟದ ನಂತರ. ಸೊಸೆಯ ಫೋನಿನಲ್ಲಿ ಲಾಕ್ ಹಾಕುವುದನ್ನು ಇಬ್ಬರಿಗೂ ತೋರಿಸಿದೆ.

ಮೊನ್ನೆ ಆ ಸೊಸೆ ಫೋನ್ ಮಾಡಿದ್ದರು. ಸಾಲಕ್ಕೆ ಪಾಲುಪತ್ರದ ಜೆರಾಕ್ಸ್ ಕೇಳಿದ್ದಾರಂತೆ. "ಅಣ್ಣ, ಅತ್ತೆ ಹೆಬ್ಬೆಟ್ಟಿನ ಮೇಲೆ ಬಿಳಿ ಕಾಗದದ ಚೂರು ಇಟ್ಟು ಜೆರಾಕ್ಸ್ ಮಾಡಿಸಬೇಕು ಅಂತ ಹಟ ಹಿಡಿದಾರೆ. ಮಾಡಿಸ್ಬಹುದಾ?" ಮಾಡಿಸಿ, ಮೂಲಪತ್ರ ಕೇಳಿದರೆ ಅಲ್ಲೇ ತೋರಿಸಿ ವಾಪಸ್ ತನ್ನಿ ಎಂದೆ. ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು: "ಆಧಾರದ್ದೂ ನಾಲ್ಕಂಕಿಯದ್ದೇ ಕೊಡು ಅಂತ ಹೇಳ್ದೆ ಅಲ್ಲನೇ."