ಮಲಗಿದ ಕಂಡೆನ್ಸರ್ ಏಳುತ್ತದೆ, ಒಣಗಿದ್ದು ಏಳುವುದಿಲ್ಲ

ಹೋದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ತಂದೆಯ ಕಾಲದ ವಾಲ್ವ್ ರೇಡಿಯೋ ತಂದು ನನ್ನ ಟೇಬಲ್ ಮೇಲಿಟ್ಟರು. 25 ವರ್ಷ ಅಟ್ಟದ ಮೇಲಿದ್ದದ್ದು. "ಪ್ಲಗ್ ಹಾಕಿ ನೋಡಿದ್ರಾ ಮೇಷ್ಟ್ರೇ?" ಅಂತ ಕೇಳಿದೆ. "ಇಲ್ಲಪ್ಪ, ಭಯ ಆಯ್ತು" ಅಂದರು. ನನಗೆ ನಿಜಕ್ಕೂ ಖುಷಿಯಾಯಿತು. ಅವರು ಹಾಗೇ ಪ್ಲಗ್ ಹಾಕಿದ್ದರೆ ಒಳಗಿನ ಫಿಲ್ಟರ್ ಕಂಡೆನ್ಸರ್ (ಚಾರ್ಜ್ ಹಿಡಿದಿಟ್ಟು ವೋಲ್ಟೇಜಿನ ಏರಿಳಿತ ಸಮ ಮಾಡುವ ಡಬ್ಬಿ) ಅಲ್ಲೇ ಸಿಡಿಯುವ ಸಾಧ್ಯತೆ ಇತ್ತು. ಜೊತೆಗೆ ಪವರ್ ಟ್ರಾನ್ಸ್‌ಫಾರ್ಮರ್ ಕೂಡ ಸುಡಬಹುದಿತ್ತು. ಕಂಡೆನ್ಸರ್ ಹೋದರೆ ಬೇರೆ ಹಾಕಬಹುದು, ಆ ಟ್ರಾನ್ಸ್‌ಫಾರ್ಮರ್ ಈಗ ಎಲ್ಲಿಂದ ತರೋದು?

ಹಳೇ ಕಂಡೆನ್ಸರ್‌ಗೆ ಮನೆಯಲ್ಲೇ ಜೀವ ಕೊಡಬಹುದಾ ಅಂತ ಹವ್ಯಾಸಕ್ಕೆ ರಿಪೇರಿ ಮಾಡುವ ಹುಡುಗರು ತುಂಬಾ ಕೇಳುತ್ತಾರೆ. ಕೊಡಬಹುದು, ಆದರೆ ಎಲ್ಲದಕ್ಕೂ ಅಲ್ಲ. ಯಾವುದಕ್ಕೆ ಅಂತ ತಿಳಿಯಬೇಕಾದರೆ ಸತ್ತ ಕಂಡೆನ್ಸರ್ ಒಂದನ್ನು ಬಿಚ್ಚಿ ನೋಡಬೇಕು.

ನೋಡಿ, ಕೆಳಗಿನ ರಬ್ಬರ್ ಬಿರಡೆ ಕಿತ್ತು, ಡಬ್ಬಿ ಸೀಳಿದರೆ ಬೀಡಿಯ ಹಾಗೆ ಸುತ್ತಿದ ಒಂದು ಸುರುಳಿ ಸಿಗುತ್ತದೆ. ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ಕಾಗದ. ಪ್ಲಸ್ ಕಡೆಯ ಹಾಳೆ ಮಂಕು ಬೂದು ಬಣ್ಣಕ್ಕಿರುತ್ತದೆ. ವಿಸ್ತೀರ್ಣ ಹೆಚ್ಚಲಿ ಅಂತ ಅದನ್ನು ಮೊದಲೇ ರಾಸಾಯನಿಕದಲ್ಲಿ ಕೊರೆದಿರುತ್ತಾರೆ. ಅದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಒಂದು ಪೊರೆ. ವೋಲ್ಟೇಜನ್ನು ತಡೆದು ನಿಲ್ಲಿಸುವುದು ಆ ಪೊರೆಯೇ. 350 ವೋಲ್ಟಿನ ಕಂಡೆನ್ಸರ್‌ನಲ್ಲೂ ಅದು ಸುಮಾರು ಅರ್ಧ ಮೈಕ್ರಾನ್ ದಪ್ಪ. ತಲೆಕೂದಲಿನ ನೂರರಲ್ಲಿ ಒಂದು ಪಾಲಿಗಿಂತ ತೆಳು. ಕಾಗದ ಹೀರಿಕೊಂಡಿರುವ ದ್ರವವೇ ನಿಜವಾದ ಮೈನಸ್. ಇನ್ನೊಂದು ಹಾಳೆ ಆ ದ್ರವಕ್ಕೆ ಕರೆಂಟ್ ಮುಟ್ಟಿಸುತ್ತದೆ, ಅಷ್ಟೇ. (ಬಿಚ್ಚುವಾಗ ಕೈಗವಸು ಹಾಕಿ. ಆ ದ್ರವ ಚರ್ಮಕ್ಕೂ ಕಣ್ಣಿಗೂ ಒಳ್ಳೆಯದಲ್ಲ.)

ಹಾಳಾಗುವ ದಾರಿ ಮುಖ್ಯವಾಗಿ ಎರಡು. ವರ್ಷಗಟ್ಟಲೆ ವೋಲ್ಟೇಜ್ ಬೀಳದೆ ಸುಮ್ನೆ ಕೂತರೆ ಪೊರೆ ಅಲ್ಲಲ್ಲಿ ಸವೆಯುತ್ತದೆ, ಕರೆಂಟ್ ಸೋರಲು ಶುರುವಾಗುತ್ತದೆ. ಇದನ್ನು ನಾನು ಮಲಗಿದ ಕಂಡೆನ್ಸರ್ ಅನ್ನುತ್ತೇನೆ. ಇನ್ನೊಂದು, ಬಿಸಿಗೆ ದ್ರವ ಆರಿಹೋಗುವುದು. ಅಂಥದ್ದನ್ನು ಬಿಚ್ಚಿದರೆ ಒಳಗಿನ ಕಾಗದ ಒಣಗಿದ ವೀಳ್ಯದೆಲೆಯ ಹಾಗೆ ಸರಸರ ಅನ್ನುತ್ತದೆ.

ಮಲಗಿದ್ದನ್ನು ಎಬ್ಬಿಸಬಹುದು. ಫ್ಯಾಕ್ಟರಿಯಲ್ಲಿ ಆ ಪೊರೆ ಬೆಳೆಸುವುದೇ ವೋಲ್ಟೇಜ್ ಕೊಟ್ಟು. ಒಳಗೆ ದ್ರವ ಇನ್ನೂ ಇದ್ದರೆ ಮನೆಯಲ್ಲೂ ಅದೇ ಕೆಲಸ ನಿಧಾನವಾಗಿ ಆಗುತ್ತದೆ. ರಿಪೇರಿಯವರು ಇದಕ್ಕೆ ರಿಫಾರ್ಮಿಂಗ್ ಅನ್ನುತ್ತಾರೆ.

ಕಲಿಯುವವರು ಕಡಿಮೆ ವೋಲ್ಟೇಜಿನಲ್ಲೇ ಶುರು ಮಾಡಿ. ಹಳೇ ಸ್ಟೀರಿಯೋದಿಂದ ಬಿಚ್ಚಿದ 1000 ಮೈಕ್ರೋಫ್ಯಾರಡ್, 35 ವೋಲ್ಟಿನ ಕಂಡೆನ್ಸರ್ ಇದ್ದರೆ ಸಾಕು. ಮೂರು 9 ವೋಲ್ಟ್ ಬ್ಯಾಟರಿ ಸಾಲಾಗಿ ಸೇರಿಸಿದರೆ 27 ವೋಲ್ಟ್. ನಡುವೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ಪ್ಲಸ್ ಮೈನಸ್ ಎರಡು ಸಲ ನೋಡಿ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಕಂಡೆನ್ಸರಿನ ಎರಡು ಕಾಲಿಗೆ ಇಟ್ಟು ವೋಲ್ಟೇಜ್ ನೋಡಿ. ಒಳ್ಳೆಯದಾದರೆ ಒಂದು ನಿಮಿಷದೊಳಗೆ 27ರ ಹತ್ತಿರ ಬರುತ್ತದೆ. ಮಲಗಿದ್ದು 15ಕ್ಕೆ ಬಂದು ನಿಂತುಬಿಡುತ್ತದೆ ಅಂದುಕೊಳ್ಳಿ. ಉಳಿದ 12 ವೋಲ್ಟ್ ರೆಸಿಸ್ಟರ್ ಮೇಲಿದೆ. ಅಂದರೆ 1.2 ಮಿಲಿಆಂಪ್ ಸೋರುತ್ತಿದೆ. ಕಾಯಿರಿ. 16, 18, 21... ಪೊರೆ ಬೆಳೆಯುವುದು ಮೀಟರಿನಲ್ಲೇ ಕಾಣುತ್ತದೆ. ಇಷ್ಟು ವರ್ಷ ಆದರೂ ನನಗೆ ಅದನ್ನು ನೋಡುತ್ತಾ ಕೂರಬೇಕು ಅನ್ನಿಸುತ್ತದೆ. ಆದರೆ 27 ವೋಲ್ಟಿನಲ್ಲಿ ಎಬ್ಬಿಸಿದ್ದು 27ರವರೆಗೆ ಮಾತ್ರ ಎದ್ದಿದೆ ಅನ್ನುವುದು ನೆನಪಿರಲಿ, ಮೇಲೆ 35 ಅಂತ ಬರೆದಿದ್ದರೂ ಸರಿ.

ಒಣಗಿದ್ದರ ಕಥೆ ಬೇರೆ. ಚಳಿಗಾಲದ ಬೆಳಿಗ್ಗೆ ಸೆಟ್‌ಟಾಪ್ ಬಾಕ್ಸ್ ಆನ್ ಆಗಲ್ಲ, ಹೇರ್ ಡ್ರೈಯರ್ ಹಿಡಿದರೆ ಆಗುತ್ತೆ ಅಂತ ತರುತ್ತಾರೆ ಅಲ್ವಾ? ಬಹಳ ಸಲ ಅದು ಒಣಗುತ್ತಿರುವ ಕಂಡೆನ್ಸರ್. ಬಿಸಿಗೆ ಉಳಿದಷ್ಟು ದ್ರವ ಸ್ವಲ್ಪ ಹೊತ್ತು ಚುರುಕಾಗುತ್ತದೆ. ಅದೇ ಬಿಸಿ ಅದನ್ನು ಇನ್ನಷ್ಟು ಒಣಗಿಸುತ್ತದೆ. 10 ಡಿಗ್ರಿ ಬಿಸಿ ಏರಿದರೆ ಕಂಡೆನ್ಸರ್ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಅನ್ನುವುದು ನಮ್ಮ ಕಸುಬಿನ ಲೆಕ್ಕ.

ಹಾಗಾದರೆ ದ್ರವವನ್ನೇ ತುಂಬಿದರೆ? ನಾನೂ ಮಾಡಿ ನೋಡಿದ್ದೇನೆ. ಡಿಸ್ಟಿಲ್ಡ್ ನೀರಿನಲ್ಲಿ ಬಿಳಿಗಾರ ಮತ್ತು ಬೋರಿಕ್ ಪುಡಿ ಕರಗಿಸಿ, ರಬ್ಬರ್ ಬಿರಡೆಯ ಮೂಲಕ ಸಿರಿಂಜಿನಲ್ಲಿ ಬಿಟ್ಟೆ. ಸತ್ತೇಹೋಗಿದ್ದ ಕಂಡೆನ್ಸರ್ ಮೀಟರಿನಲ್ಲಿ ಚೆನ್ನಾಗಿಯೇ ತೋರಿಸಿತು. ಅವತ್ತು ಬಹಳ ಸಂತೋಷಪಟ್ಟೆ. ಎರಡು ವಾರದಲ್ಲಿ ತೂತಿನ ಸುತ್ತ ಬಿಳಿ ಉಪ್ಪು, ಡಬ್ಬಿಯ ತಲೆ ಉಬ್ಬಿತ್ತು. ನೀರು ಜಾಸ್ತಿಯಾದರೆ ಅಲ್ಯೂಮಿನಿಯಂ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ. ಕ್ಲೋರೈಡ್ ಸ್ವಲ್ಪ ಸೇರಿದರೂ ಹಾಳೆ ತಿಂದುಹೋಗುತ್ತದೆ, ನಮ್ಮ ಬೆರಳ ಬೆವರಿನ ಉಪ್ಪೂ ಅದಕ್ಕೆ ಸಾಕು. ಕಲಿಯೋದಕ್ಕೆ ಒಳ್ಳೆಯ ಪ್ರಯೋಗ, ಆದರೆ ದಯವಿಟ್ಟು ಯಾರ ಮನೆಯ ಸೆಟ್ಟಿಗೂ ಹಾಕಬೇಡಿ. ತಲೆ ಉಬ್ಬಿದ್ದು, ಕಾಲ ಬುಡದಲ್ಲಿ ಸೋರಿದ್ದು ಸಿಕ್ಕರೆ ನೇರ ಬದಲಾಯಿಸಿ.

ಮೇಷ್ಟ್ರ ರೇಡಿಯೋದಲ್ಲಿದ್ದದ್ದು ಒಂದೇ ಡಬ್ಬಿಯಲ್ಲಿ 50 ಮತ್ತು 50 ಮೈಕ್ರೋಫ್ಯಾರಡ್, 350 ವೋಲ್ಟ್. ಇದು ಮನೆಯ ಪ್ರಯೋಗವಲ್ಲ. 300 ವೋಲ್ಟ್ ಡಿಸಿ ಪ್ರಾಣ ತೆಗೆಯುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಾನೂ ಕೂರುವುದಿಲ್ಲ. ವೋಲ್ಟೇಜ್ ಏರಿಳಿಸುವ ವೇರಿಯಾಕ್ ಒಂದೇ ಇದ್ದರೆ ಸಾಲದು, ಅದು ಲೈನಿನಿಂದ ನಮ್ಮನ್ನು ಬೇರ್ಪಡಿಸುವುದಿಲ್ಲ. 47 ಕಿಲೋ ಓಮ್ ಮೂಲಕ 50 ವೋಲ್ಟಿಗೆ ಶುರು ಮಾಡಿ, ಪ್ರತಿ ಮೆಟ್ಟಿಲಲ್ಲೂ ಸೋರಿಕೆ ಇಳಿಯುವವರೆಗೆ ಕಾದು, ಎರಡು ದಿನದಲ್ಲಿ 300ಕ್ಕೆ ತಂದೆ. ಮುಟ್ಟುವ ಮೊದಲು ಪ್ರತಿ ಸಲವೂ 10 ಕಿಲೋ ಓಮಿನ 5 ವ್ಯಾಟ್ ರೆಸಿಸ್ಟರ್ ಇಟ್ಟು ಡಿಸ್ಚಾರ್ಜ್ ಮಾಡಿದೆ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವ ಅಭ್ಯಾಸ ಬಿಡಿ. ಖಾಲಿಯಾಯಿತು ಅಂದುಕೊಂಡ ಮೇಲೂ ಸ್ವಲ್ಪ ವೋಲ್ಟೇಜ್ ತಾನಾಗಿ ಮೇಲೆ ಬರುತ್ತದೆ, ಅದಕ್ಕೇ ಮೀಟರಿಟ್ಟು ಇನ್ನೊಮ್ಮೆ ನೋಡಬೇಕು.

ಒಂದು ಭಾಗ ಪೂರ್ತಿ ಎದ್ದಿತು. ಇನ್ನೊಂದು 200 ವೋಲ್ಟ್ ಕೊಟ್ಟಾಗ 110ರಲ್ಲೇ ನಿಂತಿತು, ಇಡೀ ದಿನ ಕಾದರೂ ಮೇಲೇರಲಿಲ್ಲ. ಆ ಭಾಗದ ವೈರ್ ಬಿಡಿಸಿ, ಚಾಸಿ ಅಡಿಯಲ್ಲಿ ಹೊಸ 47 ಮೈಕ್ರೋಫ್ಯಾರಡ್, 450 ವೋಲ್ಟಿನದು ಕಟ್ಟಿದೆ. ಹಳೇ ಡಬ್ಬಿ ಅದರ ಜಾಗದಲ್ಲೇ ಇದೆ. ಜಾಸ್ತಿ ಕರೆಂಟ್ ಹರಿಯದಂತೆ ತಡೆಯುವ ಸೀರೀಸ್ ಬಲ್ಬ್ ಹಾಕಿ ಸೆಟ್ ಆನ್ ಮಾಡಿದಾಗ ಹಮ್ಮಿಂಗ್ ಇರಲಿಲ್ಲ. ವಾಲ್ವ್ ಕೆಂಪಾಗಿ, ನಿಧಾನವಾಗಿ ಆಕಾಶವಾಣಿ ಬಂತು. ಹಿಂದಿನ ರಟ್ಟಿನ ಮೇಲೆ ತಾರೀಖು ಬರೆದು ಅಂಟಿಸಿದ್ದೇನೆ. ಎರಡು ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಹಾಕಿ ಮೇಷ್ಟ್ರೇ ಅಂದೆ. "ದಿನಾ ಸಂಜೆ ಹಾಕ್ತೀನಪ್ಪ" ಅಂದರು.