ಓನಿಯ ಎತ್ತರ, ಅಶಿಗರುವಿನ ಈಟಿ

ಜಪಾನಿನ ಮಧ್ಯಯುಗವನ್ನು ಆಧರಿಸಿದ ಕಾಲ್ಪನಿಕ ಯುದ್ಧದಾಟಗಳಿಗೆ ಕಿರುಬೊಂಬೆ ರೂಪಿಸುವವರು ಪದೇಪದೇ ಕೇಳುವ ವಾದವೊಂದಿದೆ: ಕೊಂಬಿನ ರಾಕ್ಷಸರಾದ ಓನಿಗಳೂ ರೆಕ್ಕೆಯ ಮಾಯಾಜೀವಿಗಳಾದ ತೆಂಗುಗಳೂ ಓಡಾಡುವ ಮೇಜಿನ ಮೇಲೆ ಸಮುರಾಯ್‌ನ ಕವಚ ಯಾವ ಶತಮಾನದ್ದಾದರೇನು? ಈ ವೃತ್ತಿಯಲ್ಲಿರುವ ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ಓನಿ ಎಷ್ಟು ದೊಡ್ಡದೆಂದು ಕಣ್ಣು ನಿರ್ಧರಿಸುವುದು ಅದರ ಪಕ್ಕದಲ್ಲಿ ನಿಂತ ಮನುಷ್ಯನನ್ನು ನೋಡಿ; ಆ ಮನುಷ್ಯನ ತಲೆ, ಕತ್ತಿ, ಕುದುರೆಗಳು ಅಳತೆ ಮೀರಿದರೆ ಮೊದಲು ಕುಗ್ಗುವುದು ರಾಕ್ಷಸನೇ.

ಬೊಂಬೆಯ ಅಳತೆ 28 ಮಿ.ಮೀ. ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಅದನ್ನು ಕೆಲವರು ಪಾದದಿಂದ ಕಣ್ಣಿನವರೆಗೆ, ಮತ್ತೆ ಕೆಲವರು ನೆತ್ತಿಯವರೆಗೆ ಅಳೆಯುತ್ತಾರೆ. ಆದ್ದರಿಂದ ನಾನು 1:56 ಅನುಪಾತವನ್ನು ಹಿಡಿದು ಕೆಲಸ ಮಾಡುತ್ತೇನೆ. 160 ಸೆಂ.ಮೀ. ಎತ್ತರದ ಯೋಧ ಆಗ ಸುಮಾರು 28.5 ಮಿ.ಮೀ. ಆಗುತ್ತಾನೆ. ಅವನ ಕೈಯಲ್ಲಿರುವ ಯುಮಿ ಬಿಲ್ಲು 2.2 ಮೀಟರ್ ಉದ್ದದ್ದಾದ್ದರಿಂದ 39 ಮಿ.ಮೀ. ಬೇಕು, ಅಂದರೆ ಬಿಲ್ಲು ಬೊಂಬೆಗಿಂತ ಎತ್ತರವಾಗಿರಬೇಕು. ಹಿಡಿಯೂ ನಡುವಿನಲ್ಲಲ್ಲ, ಕೆಳಗಿನಿಂದ ಸುಮಾರು ಮೂರನೆಯ ಒಂದು ಭಾಗದಲ್ಲಿರಬೇಕು. ಕುದುರೆಯ ವಿಷಯದಲ್ಲಿ ತಪ್ಪು ಇನ್ನೂ ಹೆಚ್ಚು. ಜಪಾನಿನ ದೇಶೀ ತಳಿಗಳು ಭುಜದ ಬಳಿ ಸುಮಾರು 130 ಸೆಂ.ಮೀ. ಎತ್ತರದವು, ಬೊಂಬೆಯಲ್ಲಿ 23 ಮಿ.ಮೀ. ಯುರೋಪಿನ ನೈಟ್‌ಗಾಗಿ ಮಾಡಿದ ಎತ್ತರದ ಕುದುರೆಯ ಮೇಲೆ ಸಮುರಾಯ್‌ನನ್ನು ಕೂರಿಸಿದರೆ ಕವಚದ ಕೆಲಸ ಎಷ್ಟೇ ಸೊಗಸಾಗಿದ್ದರೂ ಅವನು ಬೇರೆ ದೇಶದವನಾಗಿಬಿಡುತ್ತಾನೆ.

ತಲೆ, ಕೈ, ಆಯುಧಗಳನ್ನು ಬೇಕೆಂದೇ ಹಿಗ್ಗಿಸುವ 'ಹೀರೋಯಿಕ್' ಶೈಲಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕತಾನಾ ಕತ್ತಿಯ ಅಲಗಿನ ಬೆನ್ನು 7 ಮಿ.ಮೀ. ದಪ್ಪವೆಂದುಕೊಂಡರೆ ಬೊಂಬೆಯಲ್ಲಿ ಅದು 0.125 ಮಿ.ಮೀ. ಆಗುತ್ತದೆ, ಅಷ್ಟು ತೆಳುವಾದದ್ದು ಲೋಹದ ಎರಕದಲ್ಲಿ ತುಂಬುವುದಿಲ್ಲ, ರೆಸಿನ್‌ನಲ್ಲಿ ತುಂಬಿದರೂ ಮುರಿಯುತ್ತದೆ. ದಪ್ಪವನ್ನು ಹೆಚ್ಚಿಸಲೇಬೇಕು, ಉದ್ದವನ್ನು ಹೆಚ್ಚಿಸಬೇಕಾಗಿಲ್ಲ. ತಲೆಯನ್ನು ಹಿಗ್ಗಿಸುವುದಂತೂ ಇಲ್ಲಿ ವಿಶೇಷ ತೊಂದರೆ ಕೊಡುತ್ತದೆ: ತಲೆಯೊಂದಿಗೆ ಕಬುತೊ ಶಿರಸ್ತ್ರಾಣ ಹಿಗ್ಗುತ್ತದೆ, ಅದರೊಂದಿಗೆ ಕತ್ತಿನ ರಕ್ಷೆಯಾದ ಶಿಕೊರೊ ಅಗಲವಾಗಿ ಭುಜದ ಸೊದೆ ಫಲಕಗಳಿಗೆ ತಾಗುತ್ತದೆ, ಕಡೆಗೆ ಬೊಂಬೆ ಕತ್ತು ತಿರುಗಿಸಲಾರದಂತಾಗುತ್ತದೆ.

ಕಾಲದ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡೇ ಇದೆ. 1180–85ರ ಗೆನ್‌ಪೇ ಯುದ್ಧದ ಸಮುರಾಯ್ ಮುಖ್ಯವಾಗಿ ಕುದುರೆಯ ಮೇಲಿನ ಬಿಲ್ಲುಗಾರ. ಅವನ ಓ-ಯೊರೊಯ್ ಕವಚ ಪೆಟ್ಟಿಗೆಯಂತೆ ಚೌಕಾಕಾರದ್ದು, ಸೊಂಟದ ತಾಚಿ ಕತ್ತಿಯ ಬಾಯಿ ಕೆಳಮುಖವಾಗಿ ತೂಗುತ್ತದೆ. ಬಂದೂಕು ಜಪಾನಿನ ತಾನೆಗಶಿಮಾ ದ್ವೀಪಕ್ಕೆ ಬಂದದ್ದು 1543ರಲ್ಲಿ. ಆ ಶತಮಾನದ ತೋಸೇ ಗುಸೊಕು ಮೈಗೆ ಹೊಂದುವ ಕವಚವಾಗಿದ್ದು, ಬೆನ್ನಿಗೆ ಸಾಶಿಮೊನೊ ಬಾವುಟ ಸಿಕ್ಕಿಸುವ ವ್ಯವಸ್ಥೆಯನ್ನು ಹೊಂದಿದೆ. ಕತಾನಾವನ್ನು ಬಾಯಿ ಮೇಲ್ಮುಖವಾಗಿ ಸಿಕ್ಕಿಸಲಾಗುತ್ತದೆ. ಓ-ಯೊರೊಯ್ ತೊಟ್ಟವನ ಬೆನ್ನಿಗೆ ಸಾಶಿಮೊನೊ ಕಟ್ಟಿ ಕೈಗೆ ಬಂದೂಕು ಕೊಟ್ಟರೆ ನಾಲ್ಕು ಶತಮಾನಗಳ ಅಂತರವನ್ನು ಒಂದೇ ಮೈಮೇಲೆ ಹೊರಿಸಿದಂತೆ. ನಮ್ಮ ಲೋಕ ಕಲ್ಪಿತವೇ ಇರಲಿ, ಆ ಲೋಕದ ಕಮ್ಮಾರನಿಗೂ ಯಾವ ಯುದ್ಧಕ್ಕಾಗಿ ಕವಚ ಮಾಡುತ್ತಿದ್ದೇನೆಂಬುದು ಗೊತ್ತಿರಬೇಕು.

ನಾನು ಸಡಿಲ ಬಿಡುವುದು ಎಣಿಕೆಯಲ್ಲಿ. ಕವಚದ ಪಟ್ಟಿಗಳನ್ನು ಹೆಣೆಯುವ ದಾರಗಳು ಈ ಅಳತೆಯಲ್ಲಿ ಕೂದಲೆಳೆಗೆ ಸಮೀಪವಾದ್ದರಿಂದ ಹತ್ತು ಸಾಲಿನ ಜಾಗದಲ್ಲಿ ಐದನ್ನೇ ಕೆತ್ತುತ್ತೇನೆ. ಆದರೆ ಒತ್ತೊತ್ತಾದ ಹಳೆಯ ಕೆಬಿಕಿ ಹೆಣಿಗೆಯ ಬದಲು ಜೋಡಿದಾರಗಳ ವಿರಳವಾದ ಸುಗಾಕೆಯನ್ನು ಹಾಕುವುದಿಲ್ಲ. ಬಣ್ಣ ಬಳಿಯುವವರ ಕುಂಚ ಮೊದಲು ಗುರುತಿಸುವುದೇ ಆ ವ್ಯತ್ಯಾಸವನ್ನು.

ಇಷ್ಟು ಶಿಸ್ತಿನ ನಂತರ ರಾಕ್ಷಸರಿಗೆ ಸ್ವಾತಂತ್ರ್ಯ ಧಾರಾಳವಾಗಿ ಸಿಗುತ್ತದೆ. ಯಾಮಬುಶಿ ತಪಸ್ವಿಗಳ ಉಡುಪಿನ ತೆಂಗುವಿಗೆ ಕೊಕ್ಕೋ ಉದ್ದ ಮೂಗೋ ಎಂಬುದು ಶಿಲ್ಪಿಯ ಆಯ್ಕೆ. ಎರಡಕ್ಕೂ ಜಪಾನೀ ಪರಂಪರೆಯ ಬೆಂಬಲವಿದೆ. ಹುಲಿಚರ್ಮ ಉಟ್ಟ ಓನಿಯನ್ನು 50 ಮಿ.ಮೀ.ಗೆ ನಿಲ್ಲಿಸಿದರೆ ಸಾಕು, ಅದರ ಎದುರಿಗೆ ಸರಿಯಾದ ಅಳತೆಯ ಅಶಿಗರು ಕಾಲಾಳುಗಳ ಸಾಲೊಂದಿದ್ದರೆ ಅದು ನಿಜಕ್ಕೂ ಭಯ ಹುಟ್ಟಿಸುತ್ತದೆ.

ಆ ಸಾಲಿನ ಜೀವಾಳ ಈಟಿ. 16ನೆಯ ಶತಮಾನದ ಉದ್ದೀಟಿ 5 ಮೀಟರ್ ದಾಟುತ್ತಿತ್ತು, 5.4 ಮೀಟರಿನದು ಬೊಂಬೆಯಲ್ಲಿ 96 ಮಿ.ಮೀ. ಇದನ್ನು ಬೊಂಬೆಯೊಂದಿಗೇ ಎರಕ ಹೊಯ್ಯುವುದು ವ್ಯರ್ಥ, ಮೊದಲ ಆಟದಲ್ಲೇ ಬಾಗುತ್ತದೆ. ಮುಷ್ಟಿಗಳನ್ನು ತೂತಿಟ್ಟು ಕೆತ್ತಿ, 0.6 ಮಿ.ಮೀ. ಉಕ್ಕಿನ ತಂತಿಯನ್ನು ಪೋಣಿಸಿ, ಅಲಗನ್ನು ಮಾತ್ರ ಬೇರೆಯಾಗಿ ಅಂಟಿಸಬೇಕು.