ಬಳ್ಳಾರಿ ಬಿಸಿಲಿಗೆ ರೆಕ್ಕೆ ಸುಕ್ಕಾದ ಕತೆ

ಮೇ ತಿಂಗಳ ಒಂದು ಬೆಳಿಗ್ಗೆ. ಬಳ್ಳಾರಿ ಹೊರಗಿನ ಬಯಲಿಗೆ ನನ್ನ ಮಾದರಿ ವಿಮಾನ ಒಯ್ದಿದ್ದೆ. ಆರು ಗಂಟೆಗೆ ರೆಕ್ಕೆ ಹಲಗೆಯ ಹಾಗೆ ಬಿಗಿಯಾಗಿತ್ತು, ಬೆರಳಲ್ಲಿ ತಟ್ಟಿದರೆ ಸದ್ದು ಬರುತ್ತಿತ್ತು. ನಾಲ್ಕು ಸಲ ಹಾರಿಸಿ ಕಾರಿನ ಹಿಂದಿನ ಸೀಟಿನಲ್ಲಿಟ್ಟೆ. ಹನ್ನೊಂದಕ್ಕೆ ಬಾಗಿಲು ತೆಗೆದರೆ ಕಡುನೀಲಿ ಬಲರೆಕ್ಕೆಯ ತುಂಬ ಸುಕ್ಕು. ಹಳದಿ ಎಡರೆಕ್ಕೆಗೆ ಏನೂ ಆಗಿರಲಿಲ್ಲ. ಹೊದಿಕೆ ಎರಡಕ್ಕೂ ಒಂದೇ ಬಗೆಯದು, ಬಣ್ಣ ಮಾತ್ರ ಬೇರೆ.

ಹೊದಿಕೆ ಅಂದರೆ ಬರೀ ಅಂದಕ್ಕಲ್ಲ. ಬಾಲ್ಸಾ ಎಂಬ ಹಗುರ ಮರದ ಚೌಕಟ್ಟು ಒಂದೇ ಇದ್ದಾಗ ಕೈಯಲ್ಲಿ ಹಿಡಿದು ತಿರುಚಿದರೆ ತಿರುಚಿಕೊಳ್ಳುತ್ತದೆ. ಬಿಗಿಯಾದ ಹೊದಿಕೆ ಬಿದ್ದ ಮೇಲೇ ಅದಕ್ಕೆ ಗಟ್ಟಿತನ. ನಮ್ಮ ಕೊಪ್ಪಳದ ಕಿನ್ನಾಳ ಗೊಂಬೆ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಗುರ ಮರ, ಅದರ ಮೇಲೆ ಹುಣಸೆ ಬೀಜದ ಅಂಟಿನಲ್ಲಿ ಬಟ್ಟೆಯ ಪಟ್ಟಿ, ಆಮೇಲೆ ಬಣ್ಣ.

1871ರಲ್ಲಿ ಪ್ಯಾರಿಸ್‌ನಲ್ಲಿ ಅಲ್ಫೋನ್ಸ್ ಪೆನೋ ರಬ್ಬರ್ ತಿರುಚಿ ಹಾರಿಸಿದ ಪುಟ್ಟ ವಿಮಾನ 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹೋಯಿತು. 1903ರಲ್ಲಿ ರೈಟ್ ಸಹೋದರರು ತಮ್ಮ ದೊಡ್ಡ ವಿಮಾನಕ್ಕೆ ಹತ್ತಿಯ ಮಸ್ಲಿನ್ ಹೊದಿಸಿದ್ದರು, ಮೇಲೆ ಏನೂ ಬಳಿದಿರಲಿಲ್ಲ. ಆಮೇಲೆ ಬಂದದ್ದು ಡೋಪ್. ಬಟ್ಟೆಯ ಮೇಲೆ ಬಳಿದರೆ ಒಣಗುತ್ತಾ ಅದನ್ನು ಬಿಗಿಯುವ ದ್ರಾವಣ ಅದು.

ಮಾದರಿ ಕಟ್ಟುವವರು ಜಪಾನಿನ ತೆಳು ಕಾಗದ ಹಿಡಿದರು. ಅಂಟಿಸಿ ನೀರು ಚಿಮುಕಿಸಿದರೆ ಒಣಗುವಾಗ ತಾನೇ ಬಿಗಿಯುತ್ತದೆ, ಮೇಲೊಂದು ಡೋಪ್ ಕೊಟ್ಟರೆ ರಂಧ್ರ ಮುಚ್ಚುತ್ತದೆ. ಚದರ ಮೀಟರಿಗೆ ಹತ್ತು-ಹನ್ನೆರಡು ಗ್ರಾಂ ಅಷ್ಟೇ ತೂಕ! ಎಂಜಿನ್ ಇರುವ ದೊಡ್ಡ ಮಾದರಿಗೆ ರೇಷ್ಮೆ. ಕರಾವಳಿಯಂಥ ತೇವದ ಗಾಳಿಯಲ್ಲಿ ಡೋಪ್ ಬೆಳ್ಳಗೆ ಮಂಕಾಗುತ್ತದೆ. ನಮ್ಮ ಒಣಹವೆಯಲ್ಲಿ ಆ ಕಾಟ ಕಡಿಮೆ. ಆದರೆ ಬೇಗ ಹತ್ತಿಕೊಳ್ಳುವ ವಸ್ತು, ಒಲೆಯಿಂದ ದೂರ ಇಡಲೇಬೇಕು.

1947ರಲ್ಲಿ ಮಾದರಿ ಎಂಜಿನ್ನಿನೊಳಗೆ ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಮಾರುಕಟ್ಟೆಗೆ ಬಂತು. ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿದ ಇಂಧನ ಹಳೆಯ ನೈಟ್ರೇಟ್ ಡೋಪನ್ನು ಕರಗಿಸಿಬಿಡುತ್ತಿತ್ತು. ಹಾಗಾಗಿ ಆ ಇಂಧನವನ್ನು ತಾಳಿಕೊಳ್ಳುವ ಬ್ಯುಟಿರೇಟ್ ಡೋಪ್ ಹರಡಿತು. 1960ರ ದಶಕದಲ್ಲಿ ಮೊನೊಕೋಟ್ ಬಂದ ಮೇಲಂತೂ ಬಳಿಯುವ ಕೆಲಸವೇ ಹೋಯಿತು. ಹಿಂದೆ ಅಂಟು, ಮುಂದೆ ಬಣ್ಣ ಇರುವ ಪಾಲಿಯೆಸ್ಟರ್ ಹಾಳೆ. ಇಸ್ತ್ರಿ ಮಾಡಿದರೆ ಅಂಟುತ್ತದೆ, ಇನ್ನೂ ಬಿಸಿ ಮಾಡಿದರೆ ಕುಗ್ಗಿ ಬಿಗಿಯುತ್ತದೆ. ಇಂಥ ಫಿಲ್ಮ್ ಕಾಗದಕ್ಕಿಂತ ಜಾಸ್ತಿ ತೂಕ, ಚದರ ಮೀಟರಿಗೆ ಸುಮಾರು 60 ಗ್ರಾಂ. ಒಂದೂವರೆ ಮೀಟರ್ ರೆಕ್ಕೆಗೆ ಅದು ದೊಡ್ಡ ಮಾತಲ್ಲ. ಅಂಗೈಯಗಲದ ವಿಮಾನಕ್ಕೆ ದೊಡ್ಡ ಹೊರೆಯೇ.

ಈಗ ಬ್ಯಾಟರಿ ಕಾಲ. ಇಂಧನದ ಭಯ ಇಲ್ಲ, ಹಾಗಾಗಿ ಕಾಗದ ಮತ್ತೆ ಬಳಸಬಹುದು. ಕೈಯಲ್ಲಿ ಕಾಸು ಕಡಿಮೆ ಇದ್ದರೆ ಪುಸ್ತಕದ ಮುಖಪುಟಕ್ಕೆ ಹಾಕುವ ತೆಳು ಲ್ಯಾಮಿನೇಷನ್ ಫಿಲ್ಮ್ ಕೂಡ ಆಗುತ್ತದೆ. ಐಡಿ ಕಾರ್ಡಿನ ದಪ್ಪ ಪೌಚ್ ಬೇಡ. ತೆಳು ಫಿಲ್ಮಿನ ಅಂಟೂ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ, ಅಷ್ಟು ಎಚ್ಚರ ಇರಲಿ.

ನೆರಳಿನಲ್ಲೇ 40 ಡಿಗ್ರಿ ದಾಟುವ ಊರು ನಮ್ಮದು. ಮುಚ್ಚಿದ ಕಾರಿನೊಳಗೆ, ಗಾಜಿನ ಬಿಸಿಲು ಬಿದ್ದ ಕಡುಬಣ್ಣದ ರೆಕ್ಕೆ ಎಷ್ಟು ಕಾಯಬೇಡ? ಅಂಟು ಸಡಿಲಾಗುತ್ತದೆ, ಬಿಗಿ ಹೋಗುತ್ತದೆ. ನನ್ನನ್ನು ಕೇಳಿದರೆ ಬಳ್ಳಾರಿ, ರಾಯಚೂರಿನವರು ಮೊದಲು ಬಣ್ಣ ನೋಡಬೇಕು, ಆಮೇಲೆ ಬ್ರಾಂಡ್. ಬಿಳಿ, ಹಳದಿ ಸಾಕು. ಆಕಾಶದಲ್ಲಿ ಗುರುತು ಸಿಗಲು ರೆಕ್ಕೆಯ ಕೆಳಗೆ ಒಂದೆರಡು ಕಡುಪಟ್ಟಿ ಹಾಕಿ.

ನೀಲಿ ಹಾಳೆ ಕಿತ್ತು ಬಿಳಿ ಹಾಕಿದೆ. ಮೊದಲು ಮೂಲೆಗಳು, ಆಮೇಲೆ ಅಂಚು, ಕೊನೆಗೆ ನಡುವೆ. ಮೇಲೊಮ್ಮೆ ಕೆಳಗೊಮ್ಮೆ ಸಮನಾಗಿ ಇಸ್ತ್ರಿ. ಒಂದೇ ಕಡೆ ಬಿಗಿದರೆ ರೆಕ್ಕೆ ಸೊಟ್ಟಗಾಗುತ್ತದೆ. ಈಗ ಬಯಲಿಗೆ ಹೋಗುವಾಗ ಕಾರಿನಲ್ಲಿ ಹಳೆಯ ಬಿಳಿ ಪಂಚೆಯೂ ಇರುತ್ತದೆ, ರೆಕ್ಕೆಗೆ ಹೊದಿಸಲು.